ಅಮಾವಾಸ್ಯೆಗೊಮ್ಮೆ ಕೆಡುವ ಕಂಪ್ಯೂಟರ್

ಅಕ್ಕಿಆಲೂರಿನ ಬಸ್ ನಿಲ್ದಾಣದ ಹಿಂದೆ ಅಂಬರೀಶನ ಕಂಪ್ಯೂಟರ್ ರಿಪೇರಿ ಅಂಗಡಿ. ಅವನಪ್ಪ ಮಾಳಪ್ಪ, ಮೃತ್ಯುಂಜಯ ಸಾಹುಕಾರರ ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಚೀಲ ಹೊತ್ತರೂ ಆಫೀಸಿನೊಳಗೆ ಕಾಲಿಟ್ಟವನಲ್ಲ. ಮಗ ಅದೇ ಆಫೀಸಿನ ಕುರ್ಚಿಯಲ್ಲಿ ಕುಳಿತು ಸಾಹುಕಾರರ ಕಂಪ್ಯೂಟರ್ ಸರಿಮಾಡಿದ ದಿನ ಮಾಳಪ್ಪ ಓಣಿಯ ತುಂಬಾ ಹೇಳಿಕೊಂಡು ಬಂದಿದ್ದ. ಆ ಗಿರಣಿಯವರು ಕರೆದರೆಂದೇ ಊರಿನ ಉಳಿದ ಗಿರಣಿಯವರೂ ಅಂಬರೀಶನನ್ನು ಕರೆಯತೊಡಗಿದ್ದರು. ಅವರು ಬೇಡವೆಂದರೆ ಎಲ್ಲರೂ ಬೇಡವೆನ್ನುವವರೇ.

ಈಚೆಗೆ ಆ ಕಂಪ್ಯೂಟರ್ ತಿಂಗಳಿಗೊಮ್ಮೆ ಮಲಗುತ್ತಿತ್ತು. ವಿಂಡೋಸ್ ಏಳುತ್ತಿರಲಿಲ್ಲ, ಬರೀ ನೀಲಿ ಪರದೆ. ಅಂಬರೀಶ ಪೆನ್‌ಡ್ರೈವ್ ಹಚ್ಚಿ, ಡಿಸ್ಕ್ ತಪಾಸಣೆ ಮಾಡಿ, ಕೆಟ್ಟ ಫೈಲುಗಳನ್ನು ಸರಿಪಡಿಸಿ ಎಬ್ಬಿಸಿ ಬರುತ್ತಿದ್ದ. ಮುಂದಿನ ತಿಂಗಳು ಮತ್ತದೇ ಹಾಡು. ಮೂರನೆಯ ಸಲ ಸಾಹುಕಾರರು ಹತ್ತು ಜನರೆದುರು ಅಂದರು, "ನಿನ್ನ ಕೈಗುಣಾನ ಸರಿ ಇಲ್ಲಲೇ. ನೀ ಮುಟ್ಟಿದ ಮ್ಯಾಲ ಇದು ಹಿಂಗಾಗೇತಿ." 'ಮುಟ್ಟಿದ' ಅನ್ನುವುದನ್ನು ಒತ್ತಿಯೇ ಹೇಳಿದರು.

ಅಂಬರೀಶ ಯಂತ್ರ ಎಂದೆಂದು ಕೆಟ್ಟಿತ್ತೆಂದು ಅದರೊಳಗೇ ಹುಡುಕಿದ. ಮೂರು ತಾರೀಖು ಸಿಕ್ಕವು. ಗೋಡೆಯ ಕ್ಯಾಲೆಂಡರ್ ನೋಡಿದರೆ ಮೂರೂ ಅಮಾವಾಸ್ಯೆ. ಗುಮಾಸ್ತ ಫಕ್ಕೀರಪ್ಪನನ್ನು ಕೇಳಿದ ಮೇಲೆ ಎಲ್ಲಾ ತಿಳಿಯಿತು. ಅಮಾವಾಸ್ಯೆಗೆ ಗಿರಣಿ ಬಂದ್. ಕೆಲಸವಿಲ್ಲದ ಕಂಪ್ಯೂಟರ್ ಅಪ್‌ಡೇಟ್ ಮಾಡಿಕೊಳ್ಳುತ್ತ ಕೂತಿರುತ್ತದೆ. ಓಡುವ ಯಂತ್ರಕ್ಕೆ ಪೂಜೆ ಮಾಡಬಾರದೆಂದು ಸಾಹುಕಾರರು ಮೇನ್ ಸ್ವಿಚ್ ತೆಗೆದು, ಯುಪಿಎಸ್ಸನ್ನೂ ಆರಿಸಿ, ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ಅರ್ಧಕ್ಕೇ ಉಸಿರು ಕಟ್ಟಿದರೆ ಯಾವ ವಿಂಡೋಸ್ ಬದುಕೀತು? ತಪ್ಪು ಎಲ್ಲಿಯದೋ, ಬೈಗುಳ ತನಗೆ; ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು.

"ಸಾವ್ಕಾರ್ರ, ಪೂಜಾ ಬ್ಯಾಡ ಅನ್ನಂಗಿಲ್ರಿ. ಮೊದಲ ಶಟ್‌ಡೌನ್ ಮಾಡ್ರಿ, ಪೂರಾ ಬಂದ್ ಆದ ಮ್ಯಾಲ ಮೇನ್ ತಗೀರಿ," ಎಂದ ಅಂಬರೀಶ.

"ನಮಗ ಪೂಜಾ ಕಲಸಾಕ ಬಂದಿಯೇನು? ನಿನ್ನ ಹುಳುಕು ತಂದು ದೇವರ ಮ್ಯಾಲ ಹಾಕಬ್ಯಾಡ. ನಡಿ."

ಮುಂದಿನ ಅಮಾವಾಸ್ಯೆಗೆ ಯಂತ್ರ ಮತ್ತೆ ಮಲಗಿತು. ಈ ಸಲ ಸಾಹುಕಾರರು ಹಾನಗಲ್ಲಿನಿಂದ ತಮ್ಮ ಬೀಗರ ಪೈಕಿಯ ರುದ್ರೇಶನನ್ನು ಕರೆಸಿದರು. ರುದ್ರೇಶ ಈ ಕೆಲಸ ಕಲಿತದ್ದು ಅಂಬರೀಶನ ಅಂಗಡಿಯಲ್ಲೇ. ಗಿರಣಿಯಿಂದಲೇ ಅಂಬರೀಶನಿಗೆ ಫೋನ್ ಮಾಡಿದ.

"ಅಣ್ಣಾ, ನೀಲಿ ಪರದಿ ಬಿಟ್ಟು ಮುಂದ ಹೋಗವಲ್ದು. ಏನ್ ಮಾಡ್ಲಿ?"

ಕಟ್ ಮಾಡಬಹುದಿತ್ತು. ಆದರೆ ತಾನು ಮೂರು ಸಲ ಬದುಕಿಸಿದ್ದನ್ನು ಇವನು ಫಾರ್ಮ್ಯಾಟ್ ಮಾಡಿ ಒರೆಸಿಬಿಟ್ಟಾನೆಂಬ ಸಂಕಟ ಅಂಬರೀಶನಿಗೆ. ಅದಕ್ಕಿಂತ ಹೆಚ್ಚಾಗಿ, ಇವನಾದರೂ ಅಲ್ಲಿ ತನ್ನ ಹೆಸರು ಹೇಳಿಯಾನೆಂಬ ಆಸೆ. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಒಂದೊಂದೇ ಕಮಾಂಡ್ ಹೇಳಿಕೊಟ್ಟ. ಊಟದ ಡಬ್ಬಿ ತಂದಿದ್ದ ಮಾಳಪ್ಪ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದ. ಮುಕ್ಕಾಲು ತಾಸಿಗೆ ಯಂತ್ರ ಎದ್ದಿತು. ಅಮಾವಾಸ್ಯೆಯ ಮಾತನ್ನೂ ಅಂಬರೀಶ ಬಿಡಿಸಿ ಹೇಳಿದ.

ರುದ್ರೇಶ ಫೋನ್ ಕಟ್ ಮಾಡದೆಯೇ ಕಿಸೆಗೆ ಹಾಕಿಕೊಂಡ. ಅಲ್ಲಿಂದ ಅವನ ದನಿ ಕೇಳಿಸಿತು, "ಸಾವ್ಕಾರ್ರ, ಪೂಜಾಕ್ಕ ಮೊದಲ ಶಟ್‌ಡೌನ್ ಮಾಡ್ರಿ. ಆಮ್ಯಾಲ ಮೇನ್ ತಗೀರಿ."

"ಹೌದಲ್ರೀ! ಇಷ್ಟ ಸಣ್ಣ ಮಾತು. ಇಷ್ಟ ದಿನಾ ಯಾರೂ ಹೇಳಲಿಲ್ಲ ನೋಡ್ರಿ ನಮಗ."

"ಹೇಳಾಕ ಗೊತ್ತಿರಬೇಕಲ್ರಿ," ಎಂದು ರುದ್ರೇಶ ನಕ್ಕ. ಸಾಹುಕಾರರೂ ನಕ್ಕರು.

ಅಂಬರೀಶ ಫೋನ್ ಕಟ್ ಮಾಡಿದ. ಮೂಲೆಯಿಂದ ಮಾಳಪ್ಪ ಮೆಲ್ಲಗೆ ಅಂದ, "ನೀ ಹೇಳಿದ್ದು ಸಾವ್ಕಾರ್ರು ಮರ್ತಿರಬೇಕು ತಗೋಪಾ. ದೊಡ್ಡ ಮಂದಿ, ನೂರಾ ಎಂಟು ತ್ರಾಸು ಇರ್ತಾವು."

ಸಾಹುಕಾರರ ಮಾತು, ರುದ್ರೇಶನ ನಗು, ಎರಡನ್ನೂ ಅಂಬರೀಶ ನುಂಗಿಕೊಂಡಿದ್ದ. ಅಪ್ಪನ ಈ ಮಾತನ್ನು ನುಂಗಲಾಗಲಿಲ್ಲ. "ಬಾಯಿ ಮುಚ್ಚಪ್ಪಾ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಅವನು ಅಪ್ಪನಿಗೆ ಹಾಗೆ ಕೂಗಿದ್ದು ಅದೇ ಮೊದಲು.