ಬರೀ ನೀರಿನ ಟ್ಯೂಬನ್ನೂ ಪರೀಕ್ಷಿಸಿದವರು

ಪುಡಿಯಾದ ಮೇಲೆ ಯಾವ ಬೀಜವೂ ತಾನಾಗಿ ತನ್ನ ಗುರುತು ಹೇಳುವುದಿಲ್ಲ. ಕಣ್ಣಿಗೂ ಮೂಗಿಗೂ ಸಿಗದ ಆ ಗುರುತನ್ನು ಡಿಎನ್‌ಎ ಪರೀಕ್ಷೆಯಿಂದ ಪತ್ತೆಹಚ್ಚುವ ವಿದ್ಯೆ ಇಂದು ನಮ್ಮ ಆಹಾರ ಪ್ರಯೋಗಾಲಯದಲ್ಲಿ ಬೇರೂರಿದೆಯೆಂದರೆ, ಅದರ ಹಿಂದೆ ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಮೇಡಂ ಅವರ ಶ್ರಮವಿದೆ. ಒಂದು ಹಳೆಯ ಫ್ರಿಜ್ ಮತ್ತು ಕಾಲು ಮುರಿದ ಮೇಜಿನೊಂದಿಗೆ ಅವರು ಆರಂಭಿಸಿದ ವಿಭಾಗಕ್ಕೆ ಈಗ ನಾಲ್ಕು ಕೋಣೆಗಳಿವೆ. ಮೇಜಿನ ಕಾಲು ಮಾತ್ರ ಇನ್ನೂ ರಿಪೇರಿಯಾಗಿಲ್ಲ.

ಆರಂಭದ ವರ್ಷಗಳಲ್ಲಿ, ಹೋಲಿಕೆಗೆ ಬೇಕಾದ ಬೀಜಗಳನ್ನು ಅವರು ರಜೆ ಹಾಕಿ ತಾವೇ ಹುಡುಕಿ ತಂದು ಸೀಸೆಗಳಲ್ಲಿ ತುಂಬಿಟ್ಟರು. ಹೆರಿಗೆಗೆ ಹೋದ ಸಹೋದ್ಯೋಗಿಯ ಕೆಲಸವನ್ನು ಐದು ತಿಂಗಳು ಹೊತ್ತುಕೊಂಡು, ಅದನ್ನು ಒಮ್ಮೆಯೂ ಆಡಿ ತೋರಿಸಲಿಲ್ಲ.

ಕಿರಿಯರು ಬೆನ್ನ ಹಿಂದೆ ಅವರಿಗಿಟ್ಟ ಹೆಸರು ‘ಖಾಲಿ ಟ್ಯೂಬ್’. ಪ್ರತಿ ಪರೀಕ್ಷೆಯಲ್ಲೂ ಮಾದರಿಗಳ ಜೊತೆಗೆ ಬರೀ ನೀರನ್ನೂ, ಅರೆಯುವ ಬಟ್ಟಲಿನಿಂದ ಹಿಡಿದು ಯಂತ್ರದವರೆಗೆ, ಪುಡಿಯಷ್ಟೇ ಮರ್ಯಾದೆಯಿಂದ ಸಾಗಿಸಬೇಕೆಂಬುದು ಅವರ ಕಟ್ಟಪ್ಪಣೆ. ಆ ನೀರಿನಲ್ಲಿ ಏನೂ ಕಾಣಿಸಕೂಡದು. ಕಾಣಿಸಿದರೆ ಕಲಬೆರಕೆ ಮಾಡಿದವರು ನಾವೇ.

ಹನ್ನೆರಡು ವರ್ಷಗಳ ಹಿಂದೆ, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಒಬ್ಬ ಸಹಾಯಕಿಯ ತಲೆಗೆ ಇದು ಹತ್ತಿರಲಿಲ್ಲ. ಆ ಬುದ್ಧಿವಂತೆ ಈ ಲೇಖನದ ಲೇಖಕಿಯೇ. ಅಂದಿನ ಪೆದ್ದುತನಕ್ಕೆ ‘ನಾನು’ ಎನ್ನಲು ಇಂದಿಗೂ ನಾಲಿಗೆ ಏಳದ್ದರಿಂದ ಅವಳನ್ನು ಸಹಾಯಕಿ ಎಂದೇ ಕರೆಯೋಣ. ಯಂತ್ರದಲ್ಲಿ ಜಾಗ ಸಾಲದೆ ಅವಳು ನೀರಿನ ಟ್ಯೂಬನ್ನು ಕೈಬಿಟ್ಟು, ಅಲ್ಲಿ ಜೀರಿಗೆ ಪುಡಿಯ ಮಾದರಿಯೊಂದನ್ನು ಇಟ್ಟಳು. ಫಲಿತಾಂಶದಲ್ಲಿ ಜೀರಿಗೆಯ ಜೊತೆ ಕಡಲೆಕಾಯಿಯೂ ಕಾಣಿಸಿತು. ಕಡಲೆಕಾಯಿ ಒಗ್ಗದವರಿಗೆ ಅದು ಪ್ರಾಣಕ್ಕೇ ಸಂಚಕಾರ.

ಆ ಪುಡಿ ಅಕ್ಕ-ತಂಗಿಯರಿಬ್ಬರು ನಡೆಸುತ್ತಿದ್ದ ಸಣ್ಣ ಮಸಾಲೆ ಗಿರಣಿಯದು. ವರದಿ ಬರುವವರೆಗೆ ಅಧಿಕಾರಿಗಳು ಗಿರಣಿಗೆ ಬೀಗ ಹಾಕಿದ್ದರು. ಕಲಬೆರಕೆ ಖಚಿತವಾದರೆ ಪರವಾನಗಿಯೇ ರದ್ದು. ಅಕ್ಕ ದಿನವೂ ಬಂದು ನಮ್ಮ ವರಾಂಡದ ಬೆಂಚಿನ ಮೇಲೆ ಕೂರುತ್ತಿದ್ದರು. ಸಹಾಯಕಿ ಮಾತ್ರ ಕಳ್ಳನನ್ನು ಹಿಡಿದವಳಂತೆ ಬೀಗುತ್ತ ವರದಿಯನ್ನು ಸಹಿಗೆ ಒಯ್ದಳು.

“ನೀರಿನ ಟ್ಯೂಬ್ ಏನ್ ಹೇಳ್ತಮ್ಮಾ?” ಎಂದು ಮೇಡಂ ಕೇಳಿದರು.

“ಜಾಗ ಇರ್ಲಿಲ್ಲ ಮೇಡಂ. ಈ ಸಲ ಇಟ್ಟಿಲ್ಲ.”

ಅವರು ಗದರಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, “ಬಾ, ಇಬ್ರೂ ಸೇರಿ ಇನ್ನೊಂದ್ಸಲ ಮಾಡೋಣ” ಎಂದರು.

ಅದೇ ಬಟ್ಟಲು, ಬಟ್ಟಲು ಒರೆಸುವ ಅದೇ ಬ್ರಷ್ಷು. ಪುಡಿಯ ಬದಲು ನೀರು. ಮರುದಿನ ನೋಡಿದರೆ ನೀರಿನಲ್ಲೂ ಕಡಲೆಕಾಯಿ! ಹೋಲಿಕೆಗೆಂದು ಕಡಲೆಕಾಯಿ ಅರೆದ ಮೇಲೆ ಸಹಾಯಕಿಯೇ ಆ ಬ್ರಷ್ಷನ್ನು ತೊಳೆಯದೆ ಇಟ್ಟಿದ್ದಳು. ಮೇಡಂ ಹೊಸ ಬಟ್ಟಲು, ಹೊಸ ಬ್ರಷ್ಷು ತರಿಸಿ, ಅದೇ ಗಿರಣಿಯ, ಮೊಹರು ಮಾಡಿಟ್ಟಿದ್ದ ಇನ್ನೊಂದು ಪೊಟ್ಟಣದ ಪುಡಿಯನ್ನು ಎರಡೆರಡು ಸಲ ಪರೀಕ್ಷಿಸಿದರು. ಜೀರಿಗೆ, ಬರೀ ಜೀರಿಗೆ. ಹೋದ ಜೀವ ಬಂದಂತಾಗಿ ಸಹಾಯಕಿ ಸ್ಟೂಲಿನ ಮೇಲೆ ಕುಸಿದು ಗಳಗಳನೆ ಅತ್ತಳು.

“ಅಳೋದು ಆಮೇಲೆ. ಹೊರಗೆ ಒಬ್ರು ಕಾಯ್ತಿದಾರೆ.”

ದಾಖಲೆ ಪುಸ್ತಕದಲ್ಲಿ ಮೇಡಂ ಯಾರ ಹೆಸರನ್ನೂ ಬರೆಯದೆ ‘ವಿಭಾಗದ ತಪ್ಪು’ ಎಂದು ಬರೆದು, ಕೆಳಗೆ ತಮ್ಮ ಸಹಿ ಹಾಕಿದರು. ಆಮೇಲೆ ವರಾಂಡಕ್ಕೆ ಹೋಗಿ ಬೆಂಚಿನ ಮೇಲೆ ಗಿರಣಿಯ ಅಕ್ಕನ ಪಕ್ಕದಲ್ಲೇ ಕುಳಿತರು.

“ನಿಮ್ ಪುಡೀಲಿ ಜೀರಿಗೆ ಬಿಟ್ರೆ ಇನ್ನೇನೂ ಇಲ್ಲಮ್ಮ. ಸುಮ್ನೆ ತಡ ಮಾಡಿದ್ದು ನಾವು. ತಪ್ಪು ನಮ್ದೇ.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. “ಇಲ್ಲ ಅಂತ ನಂಗೊತ್ತಿತ್ತು ಮೇಡಂ. ನಿಮಗೆ ಗೊತ್ತಾಗುತ್ತೋ ಇಲ್ವೋ ಅಂತಾನೇ ಭಯ ಆಗಿತ್ತು.”

ಡಿಎನ್‌ಎ ಬಗ್ಗೆ ಸಹಾಯಕಿ ಅದುವರೆಗೆ ಓದಿದ ಯಾವ ಪುಸ್ತಕವೂ ಅವಳಿಗೆ ಆ ಭಯವನ್ನು ಕಲಿಸಿರಲಿಲ್ಲ.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಬಂದು ಬೀಜಗಳ ಸಂಗ್ರಹವನ್ನೂ ನಮ್ಮ ವರದಿಗಳನ್ನೂ ನೋಡಿಕೊಳ್ಳುವುದಾಗಿ ಮೇಡಂ ಒಪ್ಪಿದ್ದಾರೆ. ನಮಗೆಲ್ಲ ಎಷ್ಟು ನಿರಾಳವಾಯಿತೆಂದು ಹೇಳತೀರದು. ಅವರು ಆರೋಗ್ಯದಿಂದ ನೂರು ಕಾಲ ಬಾಳಲಿ. ಹೊರಗೆ ಕಾಯುತ್ತ ಕುಳಿತವರಿಗಾಗಿ, ನಮ್ಮ ವರದಿಗಳನ್ನು ಇನ್ನೂ ಬಹುಕಾಲ ಅನುಮಾನದಿಂದಲೇ ಓದುತ್ತಿರಲಿ.