ಸಮಕ್ಕೆ ಬಾರದ ಕೈ

ನಾನು ಜಾಜ್-ಫಂಕ್ ಸಂಗೀತ ಕೇಳುವವನು ಎಂದು ಹೇಳಿಕೊಂಡರೆ ನಮ್ಮ ವಿದ್ಯಾರಣ್ಯಪುರದ ಬೀದಿಯಲ್ಲಿ ಅದನ್ನೊಂದು ಕಾಯಿಲೆ ಎಂದುಕೊಳ್ಳುತ್ತಾರೆ. ವಾಕಿಂಗಿನಲ್ಲಿ ಸಿಗುವ ಹಿರಿಯರೊಬ್ಬರು, ಅದರಲ್ಲಿ ಹಾಡೇ ಇರುವುದಿಲ್ಲವಂತಲ್ಲ, ಮತ್ತೆ ಏನನ್ನು ಕೇಳುತ್ತೀರಿ ಎಂದು ನಿಜವಾದ ಕಾಳಜಿಯಿಂದಲೇ ವಿಚಾರಿಸಿದ್ದರು. ಏನು ಹೇಳಲಿ? ಬೇಸ್ ಗಿಟಾರ್ ಒಂದು ಸಣ್ಣ ತುಣುಕನ್ನು ಹಿಡಿದು ಅದನ್ನೇ ನುಡಿಸುತ್ತಾ ಹೋಗುತ್ತದೆ. ಡ್ರಮ್ಸ್ ಅದರ ಜೊತೆಗೇ ಬೀಳುತ್ತದೆ, ಆರ್ಗನ್ ಮೇಲಿನಿಂದ ಅಷ್ಟಿಷ್ಟು ಸ್ವರ ಉದುರಿಸುತ್ತದೆ. ಅಷ್ಟೇ. ವಾರವಿಡೀ ಪೀಣ್ಯದ ಕಾರ್ಖಾನೆಯಲ್ಲಿ ಯಂತ್ರಗಳ ನಡುವೆ ನಿಂತು ಬರುವವನಿಗೆ, ಬಡಿದಲ್ಲೇ ಬಡಿದರೂ ಒಳಗೆ ಜೀವ ಇರುವ ಸದ್ದು ಬೇಕಾಗುತ್ತದೆ. ಇದನ್ನು ವಾಕಿಂಗಿನಲ್ಲಿ ವಿವರಿಸಲಾಗುವುದಿಲ್ಲ.

ಮನೆಯಲ್ಲಿ ಇರುವುದು ನಾನು ಮತ್ತು ನನ್ನ ಅಕ್ಕ. ಇಬ್ಬರೂ ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುತ್ತಿದ್ದ ನೆಂಟರು ಕೇಳಿ ಕೇಳಿ ಸುಸ್ತಾಗಿ ಸುಮ್ಮನಾಗಿದ್ದಾರೆ. ಅಕ್ಕ ಮೃದಂಗ ನುಡಿಸುತ್ತಾಳೆ, ನಡುಮನೆಯಲ್ಲಿ ಮಕ್ಕಳಿಗೆ ಪಾಠವನ್ನೂ ಹೇಳುತ್ತಾಳೆ. ಹೆಂಗಸಿಗೆ ಮೃದಂಗ ಯಾಕೆ ಎಂದು ಹಿಂದೆ ಮೂಗು ಮುರಿದವರೇ ಈಗ ತಮ್ಮ ಮೊಮ್ಮಕ್ಕಳನ್ನು ಕರೆತಂದು ಕೂರಿಸುತ್ತಾರೆ. ಅವಳು ಹೆಸರಾಗಿರುವುದು ಎಡಗೈಗೆ. ಮೃದಂಗದ ಎಡಭಾಗವನ್ನು ತೊಪ್ಪಿ ಎನ್ನುತ್ತಾರೆ, ಗುಂ ಎನ್ನುವ ದಪ್ಪ ನಾದ ಬರುವುದು ಅಲ್ಲಿಂದ. ಅವಳು ತೊಪ್ಪಿ ಬಾರಿಸಿದರೆ ಅಡುಗೆಮನೆಯಲ್ಲಿದ್ದ ನನ್ನ ಹೊಟ್ಟೆಯೊಳಗೆ ಕೇಳಿಸುತ್ತಿತ್ತು.

ನಾನು ಮತ್ತೆ ಮತ್ತೆ ಹಾಕುತ್ತಿದ್ದ ಜಾಜ್-ಫಂಕ್ ಆಲ್ಬಮ್ ಒಂದಿತ್ತು. ಅದರ ಬಗ್ಗೆ ಅವಳಿಗೆ ಹೇಳಿಕೊಳ್ಳುವಂಥ ಗೌರವವೇನೂ ಇರಲಿಲ್ಲ. ಇದರ ಜೀವಾಳಕ್ಕೆ ಗ್ರೂವ್ ಎನ್ನುತ್ತಾರೆ ಎಂದು ನಾನು ದೊಡ್ಡದಾಗಿ ವಿವರಿಸಿದಾಗ, ‘ನಡೆ ಅನ್ನೋ, ಅದಕ್ಯಾಕೆ ಇಷ್ಟೊಂದು ಒದ್ದಾಡ್ತೀಯ’ ಎಂದಿದ್ದಳು. ಇಡೀ ಆಲ್ಬಮ್ಮಿಗೆ ಒಂದೇ ನಡೆ ಕೊಟ್ಟು ನಿನಗೆ ಟೋಪಿ ಹಾಕಿದ್ದಾರೆ ಎಂದೂ ಸೇರಿಸಿದ್ದಳು. ಆದರೂ ಭಾನುವಾರ ತಿಂಡಿಯಾದ ಮೇಲೆ ನಾನು ಅದನ್ನು ಹಾಕಿದರೆ ಕಾಫಿ ಲೋಟ ಹಿಡಿದು ಬಂದು ಬೆತ್ತದ ಕುರ್ಚಿಯಲ್ಲಿ ಕೂರುವವಳೇ. ಬರುತ್ತಿದ್ದುದು ಕೇಳುವುದಕ್ಕಲ್ಲ, ಆಟಕ್ಕೆ.

ಆಟ ಹೀಗೆ. ಆಲ್ಬಮ್ಮಿನಲ್ಲಿ ಎಲ್ಲವೂ ನಾಲ್ಕರ ಲೆಕ್ಕ. ಅದರ ಮೇಲೆ ಅವಳು ಎಡಗೈಯಿಂದ ಕುರ್ಚಿಯ ತೋಳಿಗೆ ಏಳರ ಲೆಕ್ಕದಲ್ಲೋ ಐದರ ಲೆಕ್ಕದಲ್ಲೋ ತಟ್ಟಲು ಶುರು ಮಾಡುತ್ತಾಳೆ. ಎರಡೂ ಜೊತೆಯಾಗಿ ಹೊರಡುತ್ತವೆ, ಸ್ವಲ್ಪ ಹೊತ್ತಿಗೆ ಅವಳ ಕೈ ಬೇರೆ ದಾರಿ ಹಿಡಿಯುತ್ತದೆ. ಕೇಳುವವನಿಗೆ ಇವಳ ತಾಳ ತಪ್ಪಿತು ಎಂದೇ ಅನಿಸುತ್ತದೆ. ಬೇಸ್ ಒಂದು ಕಡೆ, ಇವಳು ಒಂದು ಕಡೆ. ಸಂಕಟವಾಗುವಷ್ಟು ದೂರ ಹೋಗಿ, ಎಲ್ಲಿಂದಲೋ ಸುತ್ತಿಕೊಂಡು, ಬೇಸಿನ ಮೊದಲ ಏಟಿನ ಮೇಲೆ ಸರಿಯಾಗಿ ಬಂದು ಬೀಳುತ್ತಾಳೆ. ಆ ಮೊದಲ ಏಟಿಗೆ ಸಮ ಎನ್ನುತ್ತಾರೆ. ಸಮಕ್ಕೆ ಬಂದ ಕೂಡಲೇ ಹುಬ್ಬು ಹಾರಿಸಿ ನನ್ನ ಕಡೆ ನೋಡುತ್ತಾಳೆ. ಲೆಕ್ಕ ನನಗೆ ತಿಳಿಯುವುದಿಲ್ಲ, ಬಂದದ್ದು ಮಾತ್ರ ತಿಳಿಯುತ್ತದೆ. ಅವಳು ಬಾರದೇ ಇದ್ದದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

ಆ ಭಾನುವಾರ ಆಲ್ಬಮ್ಮಿನ ಮೂರನೆಯ ಪೀಸಿನಲ್ಲಿ ಸಮಕ್ಕೆ ಬಂದಳು, ಹುಬ್ಬು ಹಾರಿಸಿದಳು, ಕಾಫಿ ಕುಡಿದಳು. ನಾಲ್ಕನೆಯದು ನಿಧಾನದ್ದು. ಬೇಸ್ ಒಂದು ಏಟು ಹಾಕಿ, ಉಸಿರು ತೆಗೆದುಕೊಂಡು ಮುಂದಿನದನ್ನು ಹಾಕುತ್ತದೆ. ಅಕ್ಕ ಅದರ ಮೇಲೆ ತಟ್ಟತೊಡಗಿದಳು. ಹೊರಟದ್ದೇ ಸ್ವಲ್ಪ ಹಿಂದೆ ಬಿದ್ದು ಹೊರಟಳು. ಹೊಸ ಲೆಕ್ಕವೇನೋ ಹಿಡಿದಿದ್ದಾಳೆ ಎಂದುಕೊಂಡೆ. ಕೈ ಬೇಸಿನಿಂದ ದೂರ ಹೋಯಿತು, ಇನ್ನೂ ದೂರ ಹೋಯಿತು. ನಾನು ಖುಷಿಯಿಂದಲೇ ಕಾದೆ. ದೂರ ಹೋದಷ್ಟೂ ಬರುವಾಗ ಚೆನ್ನ. ಆರ್ಗನ್ ಬಂತು, ಗಿಟಾರ್ ಬಂತು, ಅಕ್ಕ ಬರಲಿಲ್ಲ. ಏನಕ್ಕಾ, ಇನ್ನೂ ಬರಲಿಲ್ಲವಲ್ಲ ಎಂದು ಛೇಡಿಸಿದೆ.

‘ಬರ್ತೀನಿ ಇರೋ’ ಎಂದಳು.

ಮಾತು ಸ್ವಲ್ಪ ತೊದಲಿದಂತಿತ್ತು. ಬಾಯಲ್ಲಿ ಕಾಫಿ ಇರಬೇಕು ಎಂದುಕೊಂಡು ಮತ್ತೆ ಕಾದೆ. ಆಮೇಲೆ ಯಾಕೋ ತಡೆಯಲಾಗಲಿಲ್ಲ. ಅವಳ ಲೆಕ್ಕವನ್ನು ಅವಳ ಕೈಯಲ್ಲೇ ಕೇಳಿಬಿಡೋಣ ಎಂದು ಆಲ್ಬಮ್ ನಿಲ್ಲಿಸಿದೆ. ನಡುಮನೆ ಒಮ್ಮೆಲೇ ಸ್ತಬ್ಧವಾಯಿತು. ಆ ಮೌನದಲ್ಲಿ ಕುರ್ಚಿಯ ಮೇಲೆ ಅಕ್ಕನ ಬೆರಳು ಬೀಳುತ್ತಲೇ ಇತ್ತು. ಏಳಲ್ಲ, ಐದಲ್ಲ, ನಾಲ್ಕೂ ಅಲ್ಲ. ಅದರಲ್ಲಿ ಯಾವ ಲೆಕ್ಕವೂ ಇರಲಿಲ್ಲ.

ಎದ್ದು ಹೋಗಿ ಅವಳ ಮುಂದೆ ಕೂತು ಮುಖ ನೋಡಿದೆ. ತುಟಿಯ ಎಡತುದಿ ಕೆಳಗೆ ಜಾರಿತ್ತು. ಎರಡೂ ಕೈ ಎತ್ತು ಎಂದೆ. ಬಲಗೈ ಲೋಟದ ಸಮೇತ ಎದ್ದಿತು. ಎಡಗೈ ಅರ್ಧಕ್ಕೆ ಬಂದು ಅವಳ ತೊಡೆಯ ಮೇಲೆ ಬಿತ್ತು. ಬಿದ್ದದ್ದು ಅವಳಿಗೆ ತಿಳಿಯಲಿಲ್ಲ. ಯಾಕೆ ನಿಲ್ಲಿಸಿದೆ ಎಂಬಂತೆ ಸ್ಪೀಕರ್ ಕಡೆಗೇ ನೋಡುತ್ತಿದ್ದಳು. ಅಷ್ಟು ಹೆದರಿದ್ದು ನನ್ನ ಜೀವಮಾನದಲ್ಲೇ ಇಲ್ಲ. ಅಪ್ಪ ಸತ್ತಾಗಲೂ ಅಕ್ಕ ಪಕ್ಕದಲ್ಲಿದ್ದಳು.

ಬಾಗಿಲಿಗೆ ಓಡಿ ಎದುರುಮನೆಯ ಭಾಯಿಯನ್ನು ಕೂಗಿದೆ. ಯಶವಂತಪುರದಲ್ಲಿ ಅವರದು ಹಾಸಿಗೆ ಅಂಗಡಿ. ಮನೆ ಮುಂದೆ ಯಾವಾಗಲೂ ಅವರ ವ್ಯಾನ್ ನಿಂತಿರುತ್ತದೆ, ಅದು ನಮ್ಮ ಗೇಟಿಗೆ ಅಡ್ಡ ನಿಲ್ಲುತ್ತದೆಂದು ನಾನೇ ಎಷ್ಟೋ ಸಲ ಗೊಣಗಿದ್ದೆ. ಲುಂಗಿಯಲ್ಲೇ ಬಂದವರು ಅಕ್ಕನನ್ನು ಒಮ್ಮೆ ನೋಡಿ, ‘ಆಂಬುಲೆನ್ಸ್ ಕಾಯ್ಬೇಡಿ ಸಾರ್, ಚಲೋ, ಎತ್ತಿ’ ಎಂದರು. ಹೊಸ ಹಾಸಿಗೆಗಳ ಪಕ್ಕದಲ್ಲಿ ಅಕ್ಕನನ್ನು ಒರಗಿಸಿ, ಅವಳ ತಲೆಯನ್ನು ನನ್ನ ಭುಜಕ್ಕೆ ಆನಿಸಿಕೊಂಡು ಕೂತೆ. ಪ್ಲಾಸ್ಟಿಕ್ ಹೊದಿಕೆಯ ವಾಸನೆ ಗಾಡಿಯ ತುಂಬ ಇತ್ತು.

ಗೊರಗುಂಟೆಪಾಳ್ಯಕ್ಕೆ ಬಂದಾಗ ಎಂದಿನ ಹಾಗೆ ಎಲ್ಲವೂ ನಿಂತಿತ್ತು. ಭಾನುವಾರ ಖಾಲಿ ಇರುತ್ತದೆ ಎಂದು ನಂಬಿದ್ದ ನನಗೆ ನಾನೇ ಬೈದುಕೊಂಡೆ. ತುಮಕೂರು ಕಡೆಯಿಂದ ಬಂದ ಬಸ್ಸುಗಳು, ಲಾರಿಗಳು, ಅವುಗಳ ಸಂದಿಯಲ್ಲಿ ಬೈಕುಗಳು. ಭಾಯಿ ಹಾರ್ನಿನಿಂದ ಕೈ ತೆಗೆಯಲಿಲ್ಲ. ಅಕ್ಕನ ಎಡಗೈ ನನ್ನ ಕೈಯಲ್ಲಿತ್ತು. ಹಿಡಿದುಕೊಂಡಿದ್ದವನು ನಾನು, ಅದು ನನ್ನನ್ನು ಹಿಡಿದುಕೊಂಡಿರಲಿಲ್ಲ. ಆಗ ಅವಳು ನನ್ನ ಭುಜಕ್ಕೆ ಬಾಯಿ ಹತ್ತಿರ ತಂದು, ಒಂದೊಂದೇ ಅಕ್ಷರ ತಳ್ಳಿಕೊಂಡು, ‘ಬರ್ತೀನಿ ಕಣೋ’ ಎಂದಳು.

ನಮ್ಮ ಮನೆಗಳಲ್ಲಿ ಹೊರಡುವವರು ಹೋಗ್ತೀನಿ ಎನ್ನುವುದಿಲ್ಲ. ಅದು ಅಪಶಕುನ. ಹಾಲು ತರಲು ಹೊರಟವರೂ ಬರ್ತೀನಿ ಎಂದೇ ಚಪ್ಪಲಿ ಮೆಟ್ಟುತ್ತಾರೆ, ಮತ್ತೆ ಬಾರದ ಊರಿಗೆ ಹೊರಟವರೂ ಅದನ್ನೇ ಹೇಳಿ ಹೊರಡುತ್ತಾರೆ. ಅಕ್ಕ ಹೇಳಿದ್ದು ಯಾವುದು? ಅವಳ ತಲೆಯೊಳಗೆ ನಾಲ್ಕನೆಯ ಪೀಸು ಇನ್ನೂ ನಡೆಯುತ್ತಿದ್ದು, ಸಮಕ್ಕೆ ಬರ್ತೀನಿ ಕಾದಿರು ಎಂದಳೋ, ನನ್ನಿಂದ ಬೀಳ್ಕೊಂಡಳೋ? ಕೇಳಲು ನನಗೆ ಧೈರ್ಯವಾಗಲಿಲ್ಲ. ‘ಸುಮ್ನಿರಕ್ಕ, ಎಲ್ಲೂ ಹೋಗ್ಬೇಡ’ ಎಂದೆ. ಆ ಮಾತು ಬಾಯಿಂದ ಬಂದ ಮೇಲೆ ನನಗೆ ಅಳು ಬಂತು. ಭಾಯಿ ಕನ್ನಡಿಯಲ್ಲಿ ನೋಡಿ, ಗಾಡಿಯನ್ನು ಫುಟ್‌ಪಾತಿನ ಮೇಲೆ ಹತ್ತಿಸಿದರು.

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ತಳ್ಳಿಕೊಂಡು ಹೋದ ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತಿನಲ್ಲಿ ಒಂದು ಪದವೂ ಹೆಚ್ಚಿಲ್ಲ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ, ಕರಗಿಸುವ ಇಂಜೆಕ್ಷನ್ ಇದೆ, ಆದರೆ ಶುರುವಾಗಿ ಕೆಲವು ಗಂಟೆಗಳೊಳಗೆ ಮಾತ್ರ ಕೊಡಬಹುದು ಎಂದರು. ತಡವಾಗಿದ್ದರೆ ಅದೇ ಇಂಜೆಕ್ಷನ್ನಿನಿಂದ ತಲೆಯೊಳಗೆ ರಕ್ತ ಹರಿದು ಜೀವಕ್ಕೇ ಕುತ್ತಾಗಬಹುದಂತೆ. ಬೆಳಗ್ಗೆ ಏಳುವಾಗಲೇ ಹೀಗಿದ್ದರೇ, ಆಮೇಲೆ ಆಯಿತೇ ಎಂದು ಕೇಳಿ, ‘ಕೊನೇ ಸಲ ಸರಿಯಾಗಿದ್ದಿದ್ದು ಯಾವಾಗ, ಗ್ಯಾರಂಟಿಯಾಗಿ ಹೇಳಿ’ ಎಂದರು.

‘ಮೂರನೇ ಪೀಸಲ್ಲಿ ಸಮಕ್ಕೆ ಬಂದ್ಲು ಡಾಕ್ಟ್ರೇ. ನಾಲ್ಕನೇದ್ರಲ್ಲಿ ಬರ್ಲಿಲ್ಲ’ ಎಂದೆ.

ನನ್ನ ತಲೆಯನ್ನೂ ಸ್ಕ್ಯಾನ್ ಮಾಡಬೇಕೇನೋ ಎಂಬಂತೆ ನೋಡಿದರು. ನಾನು ಫೋನ್ ತೆಗೆದು ಆಲ್ಬಮ್ ತೋರಿಸಿದೆ. ರೇಡಿಯೋದಲ್ಲಿ ಬೆಳಗಿನ ವಾರ್ತೆ ಮುಗಿದ ಕೂಡಲೇ ಹಾಕಿದ್ದು, ಒಂದೊಂದು ಪೀಸೂ ಎಷ್ಟು ನಿಮಿಷದ್ದೆಂದು ಇಲ್ಲೇ ಬರೆದಿದೆ, ಇಲ್ಲಿಯವರೆಗೆ ಅವಳ ಎಡಗೈ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ ಎಂದು ಬೆರಳಿಟ್ಟು ತೋರಿಸಿದೆ. ಅವರು ಗಡಿಯಾರ ನೋಡಿ ಮನಸ್ಸಿನಲ್ಲೇ ಕೂಡಿಸಿ, ಸಮಯ ಇದೆ ಎಂದರು. ಆಮೇಲೆ ಒಪ್ಪಿಗೆಗೆ ಸಹಿ ಕೇಳಿದರು. ಇಂಜೆಕ್ಷನ್ ಕೊಡುವುದರಲ್ಲೂ ಅಪಾಯವಿದೆ, ಕೊಡದಿರುವುದರಲ್ಲೂ ಇದೆ. ಯಾವುದಕ್ಕೆ ಹೆದರಬೇಕೆಂದು ನಾನೇ ತೀರ್ಮಾನಿಸಬೇಕಿತ್ತು. ಅಕ್ಕನನ್ನು ಕೇಳದೆ ನಮ್ಮ ಮನೆಗೆ ಒಂದು ಮಿಕ್ಸಿಯನ್ನೂ ತಂದವನಲ್ಲ ನಾನು. ಸಹಿ ಹಾಕಿದೆ. ಭಾಯಿ ಸಂಜೆಯವರೆಗೂ ಅದೇ ಲುಂಗಿಯಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದರು.

ಅಕ್ಕ ಉಳಿದಳು. ಮಾತು ಬೇಗ ತಿರುಗಿತು, ಬೈಗುಳವಂತೂ ಇನ್ನೂ ಬೇಗ. ನಡೆಯುತ್ತಾಳೆ, ಬಲಗೈಯಲ್ಲಿ ಮಕ್ಕಳಿಗೆ ತಾಳ ಹಾಕಿ ತೋರಿಸುತ್ತಾಳೆ. ಎಡಗೈ ಲೋಟ ಹಿಡಿಯುವಷ್ಟಕ್ಕೆ ಬಂದು ಅಲ್ಲೇ ನಿಂತಿದೆ. ತೊಪ್ಪಿ ಬಾರಿಸಲು ಕೂತರೆ ಚಪ್ಪೆ ಸದ್ದು ಬರುತ್ತದೆ. ಆಗ ಅವಳು ಮೃದಂಗಕ್ಕೆ ಬಟ್ಟೆ ಹೊದಿಸಿ ಏಳುತ್ತಾಳೆ, ನಾನು ಅಡುಗೆಮನೆಯಲ್ಲಿ ನಲ್ಲಿಯನ್ನು ಜೋರಾಗಿ ಬಿಡುತ್ತೇನೆ.

ಆಲ್ಬಮ್ಮನ್ನು ನಾನು ಮತ್ತೆ ಹಾಕಲಿಲ್ಲ. ಒಮ್ಮೆ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಪ್ರಯತ್ನಿಸಿದೆ. ನಾಲ್ಕನೆಯ ಪೀಸು ಶುರುವಾಗುವ ಮೊದಲೇ ನನ್ನ ಎಡಗೈಯನ್ನು ಮಡಚಿ ಬಿಡಿಸಿ ನೋಡಿಕೊಳ್ಳತೊಡಗಿದ್ದೆ. ಪಕ್ಕದ ಸೀಟಿನವನು ಸರಿದು ಕೂತ. ಮತ್ತಿಕೆರೆ ಬರುವ ಮೊದಲೇ ಕಿತ್ತು ಜೇಬಿಗೆ ಹಾಕಿಕೊಂಡೆ.

ಮೊನ್ನೆ ಸಂಜೆ ಕಾರ್ಖಾನೆಯಿಂದ ಬಂದು ಗೇಟು ತೆಗೆಯುವಾಗ ಒಳಗಿನಿಂದ ಆ ಬೇಸ್ ಕೇಳಿಸಿತು. ನಾಲ್ಕನೆಯದೇ. ಚಪ್ಪಲಿ ಬಿಡದೆ ಒಳಗೆ ಓಡಿದೆ. ಅಕ್ಕ ಪಾಠಕ್ಕೆ ಬರುವ ಹುಡುಗಿಯಿಂದ ಹಾಕಿಸಿಕೊಂಡಿದ್ದಳಂತೆ. ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು. ಎಡಗೈ ಮಡಿಲಲ್ಲಿತ್ತು. ತಟ್ಟುತ್ತಿರಲಿಲ್ಲ. ನಿಲ್ಲಿಸಲೇ ಎಂದು ಕೇಳಿದೆ.

‘ಚೆನ್ನಾಗಿದ್ಯಲ್ಲೋ ಇದು’ ಎಂದಳು. ‘ಇಷ್ಟು ದಿನ ನನ್ನ ಏಟೇ ನಂಗೆ ಕೇಳಿಸ್ತಿತ್ತು. ಕೂತ್ಕೋ.’

ಕೂತೆ. ಬೇಸ್ ಏಟು ಹಾಕಿ ಉಸಿರು ತೆಗೆದುಕೊಳ್ಳುತ್ತಿತ್ತು. ಅಕ್ಕ ಕಣ್ಣು ಅರೆಮುಚ್ಚಿ ಕೇಳುತ್ತಿದ್ದಳು. ಆಲ್ಬಮ್ ನನ್ನದು, ಆದರೆ ನನಗೆ ಏನೂ ಕೇಳಿಸುತ್ತಿರಲಿಲ್ಲ. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಆ ಬೆರಳು ಸ್ವಲ್ಪ ಅಲುಗಿದರೂ ಭಯ, ಅಲುಗದಿದ್ದರೂ ಭಯ. ಅವಳು ಕಣ್ಣು ತೆರೆದು ನನ್ನ ದೃಷ್ಟಿ ಎಲ್ಲಿದೆ ಎಂದು ಕಂಡುಕೊಂಡಳು. ಬಲಗೈಯಿಂದ ಸೆರಗನ್ನು ಎಳೆದು ಎಡಗೈಯ ಮೇಲೆ ಹೊದಿಸಿದಳು.

‘ಅಲ್ಲಿ ನೋಡ್ಬೇಡ’ ಎಂದಳು. ‘ಕೇಳು.’

ನಾನು ತಲೆಯಾಡಿಸಿದೆ. ಸೆರಗಿನ ಕೆಳಗೆ ಕೈ ಆಡುತ್ತಿದೆಯೋ ಇಲ್ಲವೋ ನನಗೆ ಕಾಣಲಿಲ್ಲ.