ತಂತಿಯಲ್ಲಿ ಬರುವ ಆರತಿ

೨೦೦೩ರಲ್ಲಿ, ಒಂಬತ್ತನೆಯ ತರಗತಿಗೆ ನನ್ನ ಶಾಲೆ ಮುಗಿಯಿತು. ಅದು ಮರಾಠಿ ಶಾಲೆ. ಕನ್ನಡ ಅಕ್ಷರ ಕಲಿತದ್ದು ಊರಿನ ಮಠದಲ್ಲಿ. ಆ ವರ್ಷವೇ ಹೆಗಲಿಗೆ ಕೇಬಲ್ ಸುರುಳಿ ಹಾಕಿಕೊಂಡು ಕಂಬ ಹತ್ತಿದೆ. ಹೆದ್ದಾರಿ ಬದಿಯ ತುರೋರಿಯಿಂದ ಒಳಗೆ ಹೊರಳುವ ದಾರಿಯಲ್ಲಿರುವ ನಮ್ಮೂರಿನ ಒಂದೊಂದು ಮನೆಗೂ ಟಿವಿ ತಂತಿ ಎಳೆದವನು ನಾನು. ಯಾರ ಮಾಳಿಗೆ ಎಲ್ಲಿ ಸೋರುತ್ತದೆ ಎಂಬುದೂ ಗೊತ್ತು. ಯಾರ ಕೈಕೆಳಗೂ ದುಡಿದವನಲ್ಲ.

ನಮ್ಮ ಸೀಮೆಯಲ್ಲಿ ಒಂದು ಮನೆಗೆ ಚಾನೆಲ್ಲುಗಳ ಎರಡು ಪ್ಯಾಕೇಜ್ ಬೇಕು. ರಾಜ್ಯ ಮಹಾರಾಷ್ಟ್ರ, ಆದ್ದರಿಂದ ಮರಾಠಿಯದು ಮೊದಲು. ಅದರ ಮೇಲೆ ಕನ್ನಡದ್ದು. ಮಕ್ಕಳಿಗೆ ಒಂದು, ಅಜ್ಜಿಯರಿಗೆ ಇನ್ನೊಂದು. ಆಮೇಲೆ ಕ್ರಿಕೆಟ್ ಫೋನಿಗೆ ಹೋಯಿತು. ಸೀರಿಯಲ್ಲಿನ ನಾಳಿನ ಕಂತು ಇಂದೇ ಫೋನಿನಲ್ಲಿ ಬರತೊಡಗಿತು. ಕೆಲವು ಸಿನಿಮಾಗಳಂತೂ ಟಿವಿಯ ಕಡೆ ಹಾಯಲೇ ಇಲ್ಲ. "ಎರಡೆರಡು ಪ್ಯಾಕೇಜ್ ಯಾಕ ಬೇಕ್ರಿ ಕಾಕಾ, ಮೊಬೈಲ್ದಾಗ ಎಲ್ಲಾ ಅದ" ಎನ್ನುತ್ತ ಜನ ಸೆಟ್‌ಟಾಪ್ ಡಬ್ಬಿ ತಂದು ನನ್ನ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದರು.

ಆದರೂ ಅರ್ಧ ಊರು ನನ್ನ ಜೊತೆ ಉಳಿದಿತ್ತು. ಶ್ರಾವಣ ತಿಂಗಳಿಡೀ ಮಠದಲ್ಲಿ ಪುರಾಣ ನಡೆಯುತ್ತದೆ. ಅದನ್ನು ನನ್ನ ಲೋಕಲ್ ಚಾನೆಲ್ ಮಾತ್ರ ತೋರಿಸುತ್ತಿತ್ತು. ಹೊಲದಿಂದ ಬಂದು ಕಾಲು ತೊಳೆದವರು ಟಿವಿ ಹಚ್ಚಿ ಕೂರುತ್ತಿದ್ದರು. ಕೊನೆಗೆ ಮಠದಲ್ಲಿ ಮಂಗಳಾರತಿ ಎತ್ತಿದಾಗ ಪ್ರತಿ ಮನೆಯ ದೇವರ ಜಗಲಿಯ ಮುಂದೆಯೂ ಆರತಿ ಏಳುತ್ತಿತ್ತು. ಓಣಿಯ ಘಂಟೆಗಳೆಲ್ಲ ಒಮ್ಮೆಗೇ ಮೊಳಗುತ್ತಿದ್ದವು. ಆ ಒಂದು ತಿಂಗಳಿಗಾಗಿ ಜನ ವರ್ಷವಿಡೀ ಡಬ್ಬಿ ಇಟ್ಟುಕೊಂಡಿದ್ದರು. ಪುರಾಣ ಕೈತಪ್ಪಿದರೆ ನನ್ನ ಧಂದೆ ಮುಗಿದಂತೆ.

ಶ್ರಾವಣಕ್ಕೆ ಮುಂಚೆ ಅಪ್ಪೋರು, ಅಂದರೆ ಮಠದ ಸ್ವಾಮಿಗಳು, ಸೇವೆಯವರನ್ನು ಕರೆದು ವೀಳ್ಯ ಕೊಡುತ್ತಾರೆ. ಹೂವಿನವರಿಗೆ, ದಾಸೋಹದವರಿಗೆ, ಆಮೇಲೆ ನನಗೆ. ವೀಳ್ಯ ಯಾರ ಕೈಯಲ್ಲೋ ಆ ವರ್ಷದ ಸೇವೆ ಅವರದು. ಕಳೆದ ವರ್ಷ ನನ್ನ ಸರದಿ ಬಂದಾಗ ಊರಿನ ಜಂಗಮರಾದ ಅಯ್ಯನವರ ಅಳಿಯ ಎದ್ದು ನಿಂತ. ಉದಗೀರದವನು, ಅಲ್ಲಿ ಫೋಟೊ ಸ್ಟುಡಿಯೊ ಇಟ್ಟವನು.

"ಅಪ್ಪೋರೆ, ಈ ಸಲ ಇಂಟರ್ನೆಟ್ಟಿನ ಮ್ಯಾಲ ಲೈವ್ ಮಾಡಮು. ಜಗತ್ತೆಲ್ಲಾ ನೋಡತದ. ಡಬ್ಬಿ ಬ್ಯಾಡ, ತಂತಿ ಬ್ಯಾಡ."

"ಯಾಕ, ತಂತಿಗಿ ಹುಳಾ ಹತ್ಯಾವೇನ್ರಿ?" ಎಂದೆ.

"ಸಿಟ್ಟಾಗಬ್ಯಾಡ್ರಿ ಮಾಮಾ. ಕಂಬ ಏರಿ ಏರಿ ನಿಮ್ಮ ಮೊಣಕಾಲು ಸವದಾವ. ಕುಂದರ್ರಿ ಇನ್ನ."

ನಾಲ್ಕು ಜನ ನಕ್ಕರು. ಅಪ್ಪೋರು ಎತ್ತಿದ ವೀಳ್ಯವನ್ನು ತಿರುಗಿ ತಟ್ಟೆಯಲ್ಲಿಟ್ಟರು. "ಮೊದಲ ಸೋಮಾರ ಇಬ್ಬರೂ ತೋರಸ್ರಿ. ಆರತಿ ಆದ ಮ್ಯಾಲ ನೋಡಮು."

ಆ ಸೋಮವಾರ ಮಠದಲ್ಲಿ ನನ್ನ ಕ್ಯಾಮೆರಾದ ಪಕ್ಕದಲ್ಲೇ ಅವನ ಫೋನು ಸ್ಟ್ಯಾಂಡಿನ ಮೇಲೆ ನಿಂತಿತ್ತು. ಪುರಾಣ ಮುಗಿಯುತ್ತಿದ್ದಂತೆ ಒಳಗೆ ನಿಲ್ಲಲಾರದೆ ಬಾಗಿಲಿಗೆ ಬಂದೆ. ಆರತಿ ಎದ್ದಿತು. ಓಣಿಯಲ್ಲಿ ಘಂಟೆಗಳು ಮೊಳಗಿದವು, ನಿಂತವು. ಎದುರುಮನೆಯಲ್ಲಿ ಊರೆಲ್ಲ ಅತ್ತಿ ಎನ್ನುವ ಮುದುಕಿ ದೀಪ ಇಳಿಸಿ ಕೈಮುಗಿಯುವಷ್ಟರಲ್ಲಿ ಅವಳ ಪಕ್ಕದ ಮನೆಯಲ್ಲಿ ಘಂಟೆ ಶುರುವಾಯಿತು. ಆಮೇಲೆ ಅದರಾಚೆಯ ಮನೆಯಲ್ಲಿ. ಅವರು ಫೋನಿನಲ್ಲಿ ನೋಡುತ್ತಿದ್ದವರು. ಇಂಟರ್ನೆಟ್ಟಿನಲ್ಲಿ ಸುತ್ತಿ ಬರುವ ಫೋನಿನ ಆರತಿ ತಡವಾಗಿ ಹಿಂದೆ ಬೀಳುತ್ತದೆಂದು ಅವನೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ.

ಅತ್ತಿ ಸೆರಗು ಸಿಕ್ಕಿಸಿಕೊಂಡು ನೇರ ಮಠಕ್ಕೆ ಬಂದಳು. "ಇದೇನ್ರಿ ಅಪ್ಪೋರೆ, ನಮ್ಮ ದೇವರು ಉಂಡು ಮಲಗಿದ ಮ್ಯಾಲ ಬಾಜೂ ಮನಿ ದೇವರಿಗಿ ಆರತಿ? ಊರೆಲ್ಲಾ ಒಮ್ಮಿಗಿ ಆದ್ರೇ ಆರತಿ ಅಲ್ಲೇನ್ರಿ!"

ಗೆದ್ದೆ ಅಂದುಕೊಂಡೆ. ಆದರೆ ಅವಳ ಹಿಂದೆಯೇ ಪಕ್ಕದ ಮನೆಯ, ನಾನು ವೈನಿ (ಅತ್ತಿಗೆ) ಎನ್ನುವ ಹೆಂಗಸು ಫೋನು ಹಿಡಿದು ಬಂದಿದ್ದಳು. "ತಡಾ ಆದ್ರ ಆಗಲಿ. ನಿಲಂಗಾಕ್ಕ ಕೊಟ್ಟ ನನ್ನ ಮಗಳು ಇವತ್ತ ನನ್ನ ಕೂಡ ಘಂಟಿ ಬಾರಿಸ್ಯಾಳ, ಈಗೇ ಫೋನ್ ಮಾಡಿ ಹೇಳಿದಳು. ಭಾವು, ನಿನ್ನ ತಂತಿ ನಿಲಂಗಾ ಮಟ ಹೋಗತದೇನು?"

ಹೋಗುವುದಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

ಅಪ್ಪೋರು ಇನ್ನೊಂದು ವೀಳ್ಯ ತರಿಸಿದರು. "ಊರಿಗಿ ತಂತಿ, ಹೊರಗಿನೋರಿಗಿ ಫೋನು."

"ಅಪ್ಪೋರೆ, ಫೋನಿಗಿ ಊರ ಸೀಮಿ ಗೊತ್ತಾಗಂಗಿಲ್ರಿ," ಎಂದೆ.

"ನಮಗೂ ಗೊತ್ತದೋ ಅಪ್ಪಾ," ಎಂದರು ಮೆಲ್ಲಗೆ.

ಊರ ಅಳಿಯನೆಂದು ಮೊದಲ ಮಾನ ಅವನಿಗೇ ಸಂದಿತು. ಆಮೇಲೆ ಅಪ್ಪೋರ ಕೈ ನನ್ನ ಕಡೆ ಬಂದು ನಿಂತಿತು. ನನ್ನ ಕೈ ಏಳಲಿಲ್ಲ. ಇಷ್ಟು ವರ್ಷ ಒಬ್ಬನೇ ತೆಗೆದುಕೊಂಡ ವೀಳ್ಯ ಅದು. ತಿರುಗಿ ಹೊರಟುಬಿಡಬೇಕೆನಿಸಿತು. ಹೊರಟರೆ ಮರುದಿನ ಸಂಜೆ ಅತ್ತಿಯ ಟಿವಿಯಲ್ಲಿ ಮಠ ಇರುತ್ತಿರಲಿಲ್ಲ. ಅವಳ ಹತ್ತಿರ ಅಂಥ ಫೋನೂ ಇಲ್ಲ. ಅವಳೇ ಹಿಂದಿನಿಂದ ತಿವಿದಳು: "ತಗೋಳೋ, ಅಪ್ಪೋರ ಕೈ ನೋಯ್ತದ."

ತೆಗೆದುಕೊಂಡೆ.

ಶ್ರಾವಣ ಮುಗಿದ ಮೇಲೆ ಕಟ್ಟೆಗೆ ಮತ್ತಷ್ಟು ಡಬ್ಬಿಗಳು ಬಂದವು. ನಾನು ತಾಲೂಕಿನ ಊರಾದ ಉಮರ್ಗಾಕ್ಕೆ ಹೋಗಿ, ಅಲ್ಲಿಂದ ಇಂಟರ್ನೆಟ್ ತಂತಿ ತಂದು ಅದೇ ಕಂಬಗಳ ಮೇಲೆ ಎಳೆದೆ. ಈ ಶ್ರಾವಣದಲ್ಲಿ ಅಳಿಯನ ಲೈವ್ ನಡೆಯುವುದೂ ಅದರ ಮೇಲೆಯೇ. ಓಣಿಯಲ್ಲಿ ಘಂಟೆ ಎರಡು ಸಲ ಮೊಳಗುತ್ತದೆ. ಮೊದಲನೆಯದು ನನ್ನ ಟಿವಿಯ ಮನೆಗಳದು.

ಈಗ ನನ್ನ ಹತ್ತಿರ ಇರುವುದಿಷ್ಟು: ಟಿವಿ ತಂತಿಯ ಮನೆ ಎಪ್ಪತ್ತೆರಡು, ಇಂಟರ್ನೆಟ್ಟಿನವು ನಲವತ್ತೊಂದು, ಏಣಿ ಎರಡು, ಕ್ಯಾಮೆರಾ ಒಂದು.